ಆನೆಗೆ ಇಪ್ಪತ್ತು ಗುಂಟೆ ಬಿಟ್ಟ ಮೇಲೆ ಉಳಿದ ಬಾಳೆ

ತೋಟದ ಮಧ್ಯೆ ಆನೆಗೆ ದಾರಿ ಬಿಡುತ್ತೇನೆ ಅಂದಾಗ ಗೋವಾದ ಮಾಪ್ಸಾ ಮಾರ್ಕೆಟ್ಟಿನಲ್ಲಿ ನನ್ನ ಜೊತೆ ಬಾಳೆಗೊನೆ ಇಳಿಸುವವರಲ್ಲಿ ಒಬ್ಬರೂ ಒಪ್ಪಲಿಲ್ಲ. "ಏನ್ರಿ, ಕಳ್ಳಗ ನಾವ ಬಾಗಲಾ ತಗದ ಕೊಡೂದೇನ್ರಿ?" ಅಂದರು ಗದಗಿನ ಕಡೆಯ ಹಿರಿಯರೊಬ್ಬರು. ಅವರು ಇಪ್ಪತ್ತು ವರ್ಷದಿಂದ ಬಾಳೆ ವ್ಯಾಪಾರ ಮಾಡಿದವರು. ಅವರ ಮಾತಿಗೆ ಎದುರಾಡುವುದು ಸುಲಭವಲ್ಲ. ಆದರೂ ನಾನು ದಾರಿ ಬಿಟ್ಟೆ. ಈಗ ಮೂರನೇ ಹಂಗಾಮು ನಡೆದಿದೆ. ಕಳೆದ ದೀಪಾವಳಿ ಆದ ಮೇಲೆ ಅದೇ ಹಿರಿಯರು ಮಗನನ್ನು ಕರೆದುಕೊಂಡು ತೋಟ ನೋಡಲು ಬಂದಿದ್ದರು. ಇಡೀ ದಾರಿ ನಡೆದು, ಎಚ್ಚರಿಕೆ ಗಂಟೆಯ ದಾರ ಮುಟ್ಟಿ ನೋಡಿ, "ಇದನ್ನ ಬರದಿಡ್ರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮುಂಡಗೋಡ ಕಡೆಯವನು. ಮಾಪ್ಸಾಕ್ಕೆ ಬಂದು 22 ವರ್ಷ ಆಯಿತು. 2017ರಲ್ಲಿ ಅಸ್ಸೋನೊಡಾ ದಾಟಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದ ಆಚೆ ಏಳು ಎಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದೆ. ಗೋವಾದ ಗಡಿ ದಾಟಿದರೆ ಜಾಗ ಅಗ್ಗ, ನೀರು ಚೆನ್ನಾಗಿದೆ, ಮಾರ್ಕೆಟ್ಟಿಗೆ ಮುಕ್ಕಾಲು ತಾಸಿನ ದಾರಿ. ನಾಲ್ಕು ಎಕರೆ ಬಾಳೆ, ಉಳಿದದ್ದು ಹಳೇ ಗೇರು, ಮೇಲೆ ಹನ್ನೊಂದು ಹಲಸಿನ ಮರ. ತೋಟದ ಮನೆಯಲ್ಲಿ ಹಾವೇರಿ ಕಡೆಯ ಗಂಡ ಹೆಂಡತಿ ಇದ್ದಾರೆ. ನಾನು ಅವರನ್ನು ಅಣ್ಣ, ಅಕ್ಕ ಅಂತಲೇ ಕರೆಯುವುದು. ಈ ಕೆಲಸದಲ್ಲಿ ಅರ್ಧ ಬುದ್ಧಿ ಆ ಅಕ್ಕನದು.

ಆನೆ ನನಗೆ ಹೊಸದಲ್ಲ. ನಮ್ಮೂರಲ್ಲಿ ಭತ್ತ ಕಾಳು ಕಟ್ಟುವ ಹೊತ್ತಿಗೆ ಯಲ್ಲಾಪುರದ ಕಡೆಯ ಕಾಡಿನಿಂದ ಬರುತ್ತವೆ, ಸುಗ್ಗಿ ಮುಗಿದ ಮೇಲೆ ಹೋಗುತ್ತವೆ. ಅಪ್ಪ ಅಟ್ಟಣೆ ಮೇಲೆ ಕೂತು ಡಬ್ಬಿ ಬಡಿಯುತ್ತಿದ್ದರು. ಆದರೆ ದೋಡಾಮಾರ್ಗದ ಆನೆಗಳು ಹಾಗೆ ಬಂದು ಹೋಗುವವಲ್ಲ. ನಮ್ಮ ಕರ್ನಾಟಕದ ಕಾಡಿನಿಂದಲೇ 2002ರ ಸುಮಾರಿಗೆ ಇಲ್ಲಿಗೆ ಬಂದವು. ಮುಂದೆ ಕೊಲ್ಹಾಪುರದ ಆಜ್ರಾ, ಚಂದಗಡದ ಕಡೆಗೂ ಹೋದವು. ತಿಲಾರಿ ಅಣೆಕಟ್ಟಿನ ನೀರು, ಬಿದಿರು, ಬೈನೆ ಮರ, ಎಲ್ಲ ಸಿಕ್ಕಿತು, ಉಳಿದುಕೊಂಡವು. ಇಲ್ಲೇ ಮರಿ ಹಾಕಿದವು. 2025ರಲ್ಲಿ ಬಂದ ಡಿಎನ್‌ಎ ಎಣಿಕೆಯ ಪ್ರಕಾರ ಕರ್ನಾಟಕದಲ್ಲಿ 6,013 ಆನೆ ಇವೆ. ನಮ್ಮ ಗಡಿಯಲ್ಲಿ ಇರುವುದು ಬೆರಳಲ್ಲಿ ಎಣಿಸುವಷ್ಟು. ಒಂದು ಸತ್ತರೂ ದೊಡ್ಡ ನಷ್ಟ.

"ಹಿಡಿದು ಸಾಗಿಸಲಿ" ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ನಾನು 2015ರ ಕಥೆ ಹೇಳುತ್ತೇನೆ. ಆ ವರ್ಷ ಇದೇ ಸಿಂಧುದುರ್ಗದಲ್ಲಿ ಮೂರು ಆನೆ ಹಿಡಿದರು. ಎರಡು ಸತ್ತವು. ಹಿಡಿದ ಮೇಲೂ ಜಾಗ ಖಾಲಿ ಉಳಿಯಲಿಲ್ಲ, ಬೇರೆ ಆನೆಗಳು ಬಂದವು. ಕಾಡು ತುಂಡಾಗಿ ನಡುವೆ ರಬ್ಬರು, ಅನಾನಸು, ನಮ್ಮ ಬಾಳೆ ಬಂದಿದೆ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಜಾಸ್ತಿ ನೀರು ಬೇಕು. ಅದು ನಡೆಯಲೇಬೇಕು. ನಾವು ಅದರ ನಡಿಗೆಗೆ ಅಡ್ಡ ಕೂತಿದ್ದೇವೆ. ಇದು ನನಗೆ ಅರ್ಥ ಆಗಲು ಐದು ವರ್ಷ, ಮೂರು ಲಕ್ಷಕ್ಕೂ ಜಾಸ್ತಿ ಹಣ ಹೋಯಿತು.

ಮೊದಲು ಹೋದದ್ದು ಸೋಲಾರ್ ಬೇಲಿಗೆ. 2018. ತಂತಿಗೆ ಶಾಕ್ ಕೊಡುವ ಎನರ್ಜೈಸರ್, ಪ್ಯಾನಲ್, ಬ್ಯಾಟರಿ, ಕಬ್ಬಿಣದ ಕಂಬ, ಐದು ಸಾಲು ತಂತಿ. ಕೂಲಿ ಸೇರಿ 1,60,000 ಹತ್ತಿರ ಆಯಿತು. ಮೊದಲ ಬೇಸಿಗೆ ಚೆನ್ನಾಗಿ ನಡೆಯಿತು. ನಾನೂ ಎಲ್ಲರಿಗೂ ಹಾಕಿ ಅಂತ ಹೇಳಿಕೊಂಡು ತಿರುಗಿದೆ. ಜೂನ್ ಬಂತು. ಈ ಕೊಂಕಣದ ಮಳೆ ನಿಮಗೆ ಗೊತ್ತಲ್ವಾ, ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಎಂಟು ದಿನಕ್ಕೆ ಹುಲ್ಲು ಕೆಳಗಿನ ತಂತಿ ಮುಟ್ಟುತ್ತದೆ, ಕರೆಂಟ್ ಎಲ್ಲ ನೆಲಕ್ಕೆ ಇಳಿಯುತ್ತದೆ. ಹುಲ್ಲು ಕೊಚ್ಚುವ ಕೂಲಿಗೇ ತಿಂಗಳಿಗೆ ಆರು ಸಾವಿರ ಬೇಕಾಯಿತು. ಅದೂ ಮಾಡಿದೆ. ಆದರೆ ಗಂಡಾನೆ ಎರಡನೇ ವರ್ಷ ಕಲಿತುಬಿಟ್ಟಿತು. ದಂತಕ್ಕೆ ಶಾಕ್ ತಾಗುವುದಿಲ್ಲ. ದಂತದಿಂದ ತಂತಿ ಎತ್ತಿ ಎಳೆದು, ಕಂಬ ಒದ್ದು ಒಳಗೆ ಬಂತು. ಒಂದೇ ರಾತ್ರಿ 210 ಬಾಳೆ ಹೋಯಿತು. ಆ ಎನರ್ಜೈಸರನ್ನು ಆಮೇಲೆ 7,000ಕ್ಕೆ ಮಾರಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೋಲಾರ್ ಸೋತಿತು ಅಂತ ಮನೆ ಲೈನಿನಿಂದ ನೇರ ಕರೆಂಟ್ ಕೊಡುವವರಿದ್ದಾರೆ. ಅದನ್ನು ಬೇಲಿ ಅಂತ ಕರೆಯಬೇಡಿ, ಅದು ಕೊಲೆ. ಆನೆ ಸಾಯುತ್ತದೆ, ದನ ಸಾಯುತ್ತದೆ, ಬೆಳಿಗ್ಗೆ ನೀರು ತಿರುಗಿಸಲು ಹೋದ ನಿಮ್ಮ ಕೂಲಿಯವನೂ ಸಾಯುತ್ತಾನೆ. ಅಂಥ ತೋಟಕ್ಕೆ ನಾನು ಕಾಲಿಡುವುದಿಲ್ಲ, ಅವರ ಗೊನೆಯನ್ನು ನನ್ನ ಗಾಡಿಯಲ್ಲಿ ಹಾಕಿಕೊಳ್ಳುವುದೂ ಇಲ್ಲ.

ಆಮೇಲೆ ಮೆಣಸಿನ ಪುಡಿ. ಹಗ್ಗಕ್ಕೆ ಗ್ರೀಸು, ಸುಟ್ಟ ಆಯಿಲ್, ತಂಬಾಕು, ಖಾರದ ಪುಡಿ ಕಲಸಿ ಬಳಿಯುವುದು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಸರಿ, ಖಾರ ಸಾಲದು, ಗುಂಟೂರಿನದೇ ಬೇಕು. ಕಲಸುವವರ ಕೈ, ಕಣ್ಣು ಉರಿದು ಹೋಗುತ್ತದೆ. ಒಣ ತಿಂಗಳಲ್ಲಿ ಹದಿನೈದು ದಿನ ತಡೆಯುತ್ತದೆ. ಒಂದು ಮಳೆ ಬಂದರೆ ಮುಗಿಯಿತು. ಸೆಗಣಿ ಬೆರಣಿಗೆ ಮೆಣಸಿನಕಾಯಿ ಸೇರಿಸಿ ಹೊಗೆ ಹಾಕಿದೆವು. ಗಾಳಿ ತಿರುಗಿ ಹೊಗೆ ನಮ್ಮ ಮನೆಗೇ ಬಂತು, ಅಕ್ಕನ ಚಿಕ್ಕ ಮಗಳಿಗೆ ಎರಡು ದಿನ ಕೆಮ್ಮು. ಅಲ್ಲಿಗೆ ನಿಲ್ಲಿಸಿದೆ. ಹದಿನೆಂಟು ಸಾವಿರ ಹೋಗಿರಬಹುದು.

2020ರ ಮಾರ್ಚಿನಲ್ಲಿ ನಾನು ಮಾಡಿದ ಕೆಲಸ ಹೇಳುತ್ತೇನೆ. ಹೇಳಲು ಮನಸ್ಸಿಲ್ಲ, ಆದರೆ ಹೇಳಬೇಕು. ರಾತ್ರಿ ಹನ್ನೊಂದರ ಹೊತ್ತಿಗೆ ಹೆಣ್ಣಾನೆ, ಮರಿ ಬಾಳೆಯ ಮಧ್ಯೆ ಇದ್ದವು. ನಾನು ಸಿಟ್ಟಿನಲ್ಲಿ ಪಟಾಕಿ ಸರ ಹಚ್ಚಿ ಒಗೆದೆ. ಮರಿ ಹೆದರಿ ಓಡಿತು. ಡ್ರಿಪ್ ಪೈಪು ಅದರ ಕಾಲಿಗೆ ಸುತ್ತಿಕೊಂಡಿತು. ಅದು ಕೂಗಿದ ಕೂಗು ನನಗೆ ಈಗಲೂ ಕೇಳಿಸುತ್ತದೆ. ತಾಯಿ ತಿರುಗಿ ಬಂತು. ನಾವು ಮನೆಯ ಹಿಂದಿನ ಬಾಗಿಲಿನಿಂದ ಓಡಿದೆವು. ಅಣ್ಣ ಚರಂಡಿಗೆ ಬಿದ್ದು ಮುಂಗೈ ಮುರಿದುಕೊಂಡರು. ತಾಯಿ ಪಂಪಿನ ಶೆಡ್ಡು ಕೆಡವಿತು, ಐದು ಎಚ್‌ಪಿ ಮೋಟಾರು ಹಾಳು. ಮರಿ ಹೇಗೋ ಪೈಪು ಕಿತ್ತುಕೊಂಡು ಹೋಯಿತು. ಬೆಳಿಗ್ಗೆ ಆ ಪೈಪಿನ ತುಂಡು ಹಳ್ಳದ ದಂಡೆಯಲ್ಲಿ ಸಿಕ್ಕಿತು. ಮೋಟಾರು, ಆಸ್ಪತ್ರೆ ಸೇರಿ ನಲವತ್ತು ಸಾವಿರ ಖರ್ಚಾಯಿತು. ಆ ರಾತ್ರಿ ಮರಿಗೆ ಏನಾದರೂ ಆಗಿದ್ದರೆ ನಾನು ಈ ತೋಟ ಮುಂದುವರಿಸುತ್ತಿರಲಿಲ್ಲ. ಅವತ್ತಿನಿಂದ ನನ್ನ ತೋಟದಲ್ಲಿ ಪಟಾಕಿ ಇಲ್ಲ.

ಪರಿಹಾರ ಯಾಕೆ ಕೇಳಲಿಲ್ಲ ಅಂತ ಕೇಳಬಹುದು. ಕೇಳಿದೆ. ಜಾಗದ ಸಾತ್‌ಬಾರಾ, ಅಂದರೆ ಪಹಣಿ, ಮಾಲೀಕರ ಹೆಸರಲ್ಲಿದೆ. ಪಂಚನಾಮೆ ಆದರೂ ದುಡ್ಡು ಅವರ ಖಾತೆಗೇ ಹೋಗಬೇಕು. ಮಾಲೀಕರು ಒಳ್ಳೆಯವರು, ಬಂದದ್ದನ್ನು ಕೊಟ್ಟರು. ಎರಡು ಸಲ ಸೇರಿ ಹನ್ನೊಂದು ಸಾವಿರ ಬಂದ ನೆನಪು. ಲಾವಣಿಗೆ ಹಿಡಿಯುವವರು ಕರಾರು ಬರೆಸುವಾಗಲೇ ಬೆಳೆ ಪರಿಹಾರ ಯಾರಿಗೆ ಅಂತ ಒಂದು ಸಾಲು ಸೇರಿಸಿ. ನಾನು ಸೇರಿಸಿರಲಿಲ್ಲ.

2021ರಲ್ಲಿ ಕೊಡಗಿನ ಚೇಲೂರಿನಲ್ಲಿ ಖಾದಿ ಆಯೋಗದವರು ಆನೆ ತಡೆಯಲು ಜೇನುಪೆಟ್ಟಿಗೆ ಬೇಲಿ ಶುರು ಮಾಡಿದ ಸುದ್ದಿ ಓದಿದೆ. ಆಫ್ರಿಕಾದ ಕೀನ್ಯಾದಲ್ಲಿ ಮೊದಲೇ ನಡೆದಿತ್ತು. ನನಗೆ ಖುಷಿ ಆಯಿತು, ಯಾಕೆಂದರೆ ಜೇನು ನನಗೆ ಗೊತ್ತು, ನಮ್ಮಜ್ಜ ಪೆಟ್ಟಿಗೆ ಇಟ್ಟಿದ್ದರು. ಶಿರಸಿ ಕಡೆಯಿಂದ ಹನ್ನೆರಡು ತುಡುವೆ ಜೇನಿನ ಕುಟುಂಬ ತಂದೆ, ನಡುನಡುವೆ ಖಾಲಿ ಪೆಟ್ಟಿಗೆ ಸೇರಿಸಿ ಎಲ್ಲವನ್ನೂ ತಂತಿಗೆ ತೂಗು ಹಾಕಿದೆ. ಎಲ್ಲ ಸೇರಿ 62,000. ಒಂದು ರಾತ್ರಿ ಗಂಡಾನೆ ತಂತಿ ಎಳೆದಾಗ ಹುಳ ಎದ್ದವು, ಆನೆ ಕಿವಿ ಬಡಿದುಕೊಂಡು ಹಿಂದೆ ಸರಿಯಿತು. ಅದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಆದರೆ ಆನೆ ಬರುವುದು ರಾತ್ರಿ, ತುಡುವೆ ರಾತ್ರಿ ಹಾರುವ ಹುಳ ಅಲ್ಲ. ಪೆಟ್ಟಿಗೆ ಅಲುಗಿದರೆ ಮಾತ್ರ ಏಳುತ್ತದೆ. ಮಳೆಗಾಲದಲ್ಲಿ ಹೂವಿಲ್ಲ, ಸಕ್ಕರೆ ಪಾಕ ಕೊಟ್ಟರೂ ಹುಳ ಕಡಿಮೆಯಾಗುತ್ತಾ ಹೋದವು. ಬಲ ಕಡಿಮೆಯಾದ ಪೆಟ್ಟಿಗೆಗೆ ಮೇಣದ ಹುಳು ಬಿತ್ತು. ದಸರಾ ಹೊತ್ತಿಗೆ ಉಳಿದದ್ದು ಮೂರು. ಬೆಟ್ಟದ ಮೇಲೆ ಹೂವು ವರ್ಷವಿಡೀ ಸಿಗುವ ಕಡೆ ಇದು ನಡೆಯಬಹುದು. ನನ್ನ ಜಾಗದಲ್ಲಿ ನಡೆಯಲಿಲ್ಲ. ಈಗ ನಾಲ್ಕು ಪೆಟ್ಟಿಗೆ ಗೇರಿನ ಕೆಳಗೆ ಇಟ್ಟಿದ್ದೇನೆ, ಮನೆಗೆ ಬೇಕಾದಷ್ಟು ಜೇನುತುಪ್ಪ ಬರುತ್ತದೆ.

ಬುದ್ಧಿ ಬಂದದ್ದು 2022ರ ಬೇಸಿಗೆಯಲ್ಲಿ, ಲದ್ದಿಯಿಂದ. ಒಂದು ದಿನ ಅಕ್ಕ ಹೇಳಿದರು, "ನೋಡ್ರಿ, ಲದ್ದಿ ಯಾವಾಗ್ಲೂ ಇದ ಸಾಲಿನಾಗ ಬೀಳತೈತಿ. ಬ್ಯಾರೆ ಕಡೆ ಇಲ್ಲ." ನಾವು ಸುಣ್ಣ ಹಾಕಿ ಗುರುತು ಮಾಡುತ್ತಾ ಹೋದೆವು. ಮೂರು ತಿಂಗಳಲ್ಲಿ ನಲವತ್ತಕ್ಕೂ ಜಾಸ್ತಿ ಗುರುತು ಆಯಿತು. ನೋಡಿದರೆ ಹೆಚ್ಚುಕಡಿಮೆ ನೇರ ಗೆರೆ, ಮೇಲಿನ ಸಡೆಯ (ಗುಡ್ಡದ ತಲೆಯ ಬಯಲಿನ) ಕಾಡಿನಿಂದ ಕೆಳಗಿನ ಹಳ್ಳಕ್ಕೆ. ಆನೆ ಬಾಳೆ ತಿನ್ನಲು ಬರುತ್ತಿರಲಿಲ್ಲ. ನೀರಿಗೆ ಹೋಗುತ್ತಿತ್ತು, ದಾರಿಯಲ್ಲಿ ಬಾಳೆ ಇತ್ತು, ತಿಂದಿತು. ಮಾಲೀಕರ ಅಜ್ಜಿಯನ್ನು ಕೇಳಿದೆ. ಆಯಿ ನಕ್ಕು ಹೇಳಿದರು, ಅದು ಹಿಂದೆ ದನಗಳ ದಾರಿ, ಅಲ್ಲಿ ಯಾರೂ ಏನೂ ನೆಟ್ಟಿರಲಿಲ್ಲ, ಎರಡೂ ಬದಿ ಬಿದಿರು ಇತ್ತು ಅಂತ. ಅದನ್ನು ಕಡಿದು ಬಾಳೆ ಹಾಕಿದವನು ನಾನೇ.

ಲೆಕ್ಕ ಹಾಕಿದೆ. 40 ಅಡಿ ಅಗಲ, 540 ಅಡಿ ಉದ್ದ. ಇಪ್ಪತ್ತು ಗುಂಟೆ. ಆರು ಅಡಿಗೆ ಒಂದರಂತೆ 600 ಬಾಳೆ. ಖರ್ಚು ಕಳೆದು ವರ್ಷಕ್ಕೆ ಎಪ್ಪತ್ತು, ಎಂಬತ್ತು ಸಾವಿರದ ಫಸಲು. ಆದರೆ ಆನೆಯಿಂದ ಆಗುತ್ತಿದ್ದ ನಷ್ಟ ವರ್ಷಕ್ಕೆ ಒಂದೂವರೆ ಲಕ್ಷದ ಮೇಲೆ, ಪೈಪು, ಮೋಟಾರು ಬೇರೆ. ನಾನು ನಾಲ್ಕು ರಾತ್ರಿ ಈ ಲೆಕ್ಕವನ್ನೇ ಮಾಡಿದೆ. ಮನೆಯವಳು ಹೇಳಿದಳು, "ಹೇಗಿದ್ದರೂ ಅದು ತಿಂದೇ ತಿನ್ನುತ್ತೆ, ಬಿಟ್ಟುಬಿಡಿ." 2023ರ ಮೇ ತಿಂಗಳಲ್ಲಿ ಆ ಸಾಲಿನ ಗೊನೆ ಕಡಿದು, ಗಡ್ಡೆ ಕಿತ್ತು, ಬೇರೆ ಕಡೆ ನೆಟ್ಟೆ. ಡ್ರಿಪ್ ಪೈಪು ಎಲ್ಲ ತೆಗೆದೆ. ದಾಟಬೇಕಾದ ಮುಖ್ಯ ಪೈಪನ್ನು ಎರಡೂವರೆ ಅಡಿ ಆಳಕ್ಕೆ ಹೂಳಿದೆ.

ದಾರಿ ಬಿಟ್ಟರೆ ಸಾಲದು. ಮೊದಲ ವರ್ಷ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಆನೆ ಮೇಲಿನ ಪ್ರೀತಿಗೆ, ಮಾರಾಟಕ್ಕೆ ಬಾರದ ಬಾಳೆಹಣ್ಣನ್ನು ದಾರಿಯ ಮೇಲ್ತುದಿಯಲ್ಲಿ ರಾಶಿ ಹಾಕಿದೆ. ಮೂರು ರಾತ್ರಿ ಗಂಡಾನೆ ಅಲ್ಲೇ ಕೂತಿತು. ನಾಲ್ಕನೇ ರಾತ್ರಿ ಹಣ್ಣು ಇಲ್ಲದ್ದಕ್ಕೆ ಪಕ್ಕದ ಸಾಲಿಗೆ ಬಂತು. ಆನೆಗೆ ತಿನ್ನಲು ಇಡಬೇಡಿ. ದಾರಿಯಲ್ಲಿ ಏನೂ ಇರಬಾರದು, ಹುಲ್ಲು, ಮಣ್ಣು ಅಷ್ಟೇ. ಕಾಡಿನ ತುದಿಯಲ್ಲಿ ಬಿದಿರು, ಬೈನೆ ಬೆಳೆಯಲಿ. ತೋಟದ ಒಳಗೆ ಬೇಡ.

ದಾರಿಯ ಎರಡೂ ಬದಿ 30 ಅಡಿ ಅರಿಸಿನ, ಶುಂಠಿ ಹಾಕಿದೆ, ಅಂಚಿಗೆ 110 ನಿಂಬೆ. ಆನೆ ಅರಿಸಿನ ಮುಟ್ಟುವುದಿಲ್ಲ. ಮೊದಲ ವರ್ಷ ತುಳಿದು ಸ್ವಲ್ಪ ಹಾಳಾಯಿತು, ಈಗ ಅದೂ ಕಡಿಮೆ. ಬಾಳೆ ಶುರುವಾಗುವುದು ಅದರ ಆಚೆ. ಅರಿಸಿನದಿಂದ ಹೋದ ವರ್ಷ 34,000 ಬಂತು, ಅಂದರೆ ಬಿಟ್ಟ ಬಾಳೆಯ ಹೆಚ್ಚುಕಡಿಮೆ ಅರ್ಧ ಹಣ ಇಲ್ಲೇ ವಾಪಸ್ಸು. ಶುಂಠಿ ಬೇಡ, ಕೊಳೆರೋಗ ಹಿಡಿಯಿತು.

ಇನ್ನು ವಾಸನೆ. ಇದನ್ನು ಎಲ್ಲರೂ ಮರೆಯುತ್ತಾರೆ. ಹಲಸು ಮಾರ್ಚಿನಿಂದ ಹಣ್ಣಾಗುತ್ತದೆ, ಆನೆಗೆ ಬಹಳ ದೂರದಿಂದ ಗೊತ್ತಾಗುತ್ತದೆ. ನಮ್ಮ ಹನ್ನೊಂದು ಮರದಲ್ಲಿ ಮನೆ ಹತ್ತಿರದ ಏಳರ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿ ಪಲ್ಯಕ್ಕೆ ಮಾರುತ್ತೇನೆ. ಮಾಪ್ಸಾದಲ್ಲಿ ಎಳೆ ಹಲಸಿಗೆ ಒಳ್ಳೆ ಬೆಲೆ ಇದೆ. ಕಾಡಿನ ಅಂಚಿನ ನಾಲ್ಕು ಮರದ ಹಣ್ಣು ಮುಟ್ಟುವುದಿಲ್ಲ. ಪಕ್ಕದ ತೋಟದ ಕಾಕಾ ಗೇರುಹಣ್ಣಿನ ರಸವನ್ನು ಹುಳಿ ಬರಿಸಲು ಡ್ರಮ್ಮಿನಲ್ಲಿ ಇಡುತ್ತಿದ್ದರು. ಎರಡು ವರ್ಷ ಸತತವಾಗಿ ಆನೆ ಡ್ರಮ್ಮು ಉರುಳಿಸಿತ್ತು. ನಾನು ಕೈಮುಗಿದು ಕೇಳಿದೆ, "ಕಾಕಾ, ಭಟ್ಟಿಯನ್ನು ಊರೊಳಗೆ ಇಟ್ಟುಕೊಳ್ಳಿ, ಸಾಗಿಸುವ ಟೆಂಪೋ ಬಾಡಿಗೆ ಅರ್ಧ ನಾನು ಕೊಡ್ತೀನಿ." ಒಪ್ಪಿದರು. ಹಂಗಾಮಿಗೆ ಮೂರು ಸಾವಿರ ಖರ್ಚು, ಬಹಳ ಲಾಭದ ಮೂರು ಸಾವಿರ ಅದು. ಮನೆಯಲ್ಲಿ ಅಕ್ಕಿ, ಉಪ್ಪು, ಬೆಲ್ಲ ಎಲ್ಲ ಮುಚ್ಚಳದ ಬ್ಯಾರಲ್ಲಿನಲ್ಲಿ. ಗೋಡೆ ಒಡೆಯುವ ಆನೆ ಹೆಚ್ಚಾಗಿ ಉಪ್ಪು, ಅಕ್ಕಿಯ ಹಿಂದೆ ಬಂದಿರುತ್ತದೆ.

ಈಗ ಗಂಟೆಯ ವಿಷಯ. ಎಲ್ಲರೂ ಕೇಳುವುದು ಇದನ್ನೇ. ದಾರ ಕಟ್ಟಿ ಎಚ್ಚರಿಕೆ ಗಂಟೆ ಬಾರಿಸುವುದು ಹಳೇ ಉಪಾಯ, ನೀವೂ ಮಾಡಿರುತ್ತೀರಿ. ಕೆಲಸ ಮಾಡದಿರಲು ಎರಡು ಕಾರಣ. ಒಂದು, ದಾರವನ್ನು ತೋಟದ ಅಂಚಿಗೇ ಕಟ್ಟುತ್ತಾರೆ. ಗಂಟೆ ಬಾರಿಸುವಾಗ ಆನೆ ಬಾಳೆಯ ಒಳಗೇ ಇರುತ್ತದೆ. ಎರಡು, ಎದೆಯ ಎತ್ತರಕ್ಕೆ ಕಟ್ಟುತ್ತಾರೆ. ಹಂದಿ, ಕಡವೆ, ಕಾಡುಕೋಣ ಎಲ್ಲವೂ ಬಾರಿಸುತ್ತವೆ. ನಾನು ಮೊದಲು ನಾಲ್ಕು ಅಡಿಗೆ ಕಟ್ಟಿದ್ದೆ. ಒಂದು ವಾರದಲ್ಲಿ ಮೂವತ್ತು ಸಲ ಬಾರಿಸಿತು, ಅಣ್ಣ ನಿದ್ದೆ ಇಲ್ಲದೆ ಊರಿಗೆ ಹೋಗ್ತೀನಿ ಅಂದರು. ಈಗ ಆರೂವರೆ ಅಡಿಗೆ ಕಟ್ಟುತ್ತೇನೆ. ಕಾಡುಕೋಣ ಕೂಡ ಹೆಚ್ಚಾಗಿ ಕೆಳಗೇ ಹೋಗುತ್ತದೆ. ಮರಿಯಾನೆ ಹೋಗಬಹುದು, ಆದರೆ ಮರಿ ಒಂದೇ ಬರುವುದಿಲ್ಲ.

ಜಾಗ ತೋಟದಿಂದ 300 ಮೀಟರ್ ಮೇಲೆ, ಮಾಲೀಕರ ಖಾಸಗಿ ಗುಡ್ಡದಲ್ಲಿ. ಸರ್ಕಾರದ ಕಾಡಿನೊಳಗೆ ಕಟ್ಟಬೇಡಿ, ಗಾರ್ಡಿಗೆ ಮೊದಲೇ ತಿಳಿಸಿ. ಮೀನು ಹಿಡಿಯುವ ನೈಲಾನ್ ದಾರ, ಬಟ್ಟೆ ಒಣಹಾಕುವ ಕ್ಲಿಪ್ಪು, ಕ್ಲಿಪ್ಪಿನ ಬಾಯಿಗೆ ಎರಡು ತಾಮ್ರದ ತುಂಡು, ನಡುವೆ ತಡೆಯಾಗಿ ಒಂದು ತುಂಡು. ದಾರ ಎಳೆದರೆ ತುಂಡು ಬೀಳುತ್ತದೆ, ತಾಮ್ರ ಕೂಡುತ್ತದೆ. ಮೊದಲು ವೈರು ಎಳೆದು ಮನೆಗೆ ತಂದಿದ್ದೆ. ಮುಳ್ಳುಹಂದಿ ವೈರು ಕಡಿಯಿತು, ಎರಡು ಸಲ. ರಿಮೋಟಿನ ಕಾಲಿಂಗ್ ಬೆಲ್ ಹಾಕಿದೆ, ಅಷ್ಟು ದೂರ ಮುಟ್ಟಲಿಲ್ಲ. ಈಗ ಹಳೇ ಬಟನ್ ಫೋನಿನ ಒಂದು ಗುಂಡಿಗೆ ಬೆಸುಗೆ ಹಾಕಿ, ಆ ಗುಂಡಿಯಲ್ಲಿ ಅಣ್ಣನ ನಂಬರ್ ಇಟ್ಟಿದ್ದೇನೆ. ತಾಮ್ರ ಕೂಡಿದರೆ ಫೋನು ಹೋಗುತ್ತದೆ. ಗೋವಾ, ಮಹಾರಾಷ್ಟ್ರ ಒಂದೇ ಸರ್ಕಲ್ ಆದ್ದರಿಂದ ಯಾವ ಕಡೆಯ ಸಿಮ್ ಆದರೂ ನಡೆಯುತ್ತದೆ, ಗುಡ್ಡದ ಮೇಲೆ ಯಾವುದಕ್ಕೆ ಸಿಗ್ನಲ್ ಇದೆಯೋ ಅದನ್ನು ಹಾಕಿ. ಫೋನು ಮಾಪ್ಸಾದಲ್ಲಿ ಸೆಕೆಂಡ್‌ಹ್ಯಾಂಡ್ 400 ರೂಪಾಯಿ. ಮೂರು ಕಡೆ ದಾರ, ಮೂರು ಫೋನು, ಸಣ್ಣ ಸೋಲಾರ್ ಪ್ಯಾನಲ್, ಮಳೆ ತಡೆಯುವ ಡಬ್ಬಿ, ಎಲ್ಲ ಸೇರಿ ಒಂಬತ್ತು ಸಾವಿರದ ಒಳಗೆ ಮುಗಿಯಿತು. ಒಂದು ಲಕ್ಷ ಅರವತ್ತು ಸಾವಿರದ ಬೇಲಿ ಮಾಡದ ಕೆಲಸವನ್ನು ಇದು ಮಾಡುತ್ತಿದೆ.

ತಡೆಯ ತುಂಡು ಯಾವುದರದ್ದು, ದಾರ ಎಷ್ಟು ಸಡಿಲ ಬಿಡಬೇಕು ಅನ್ನುವುದನ್ನು ಬರೆಯುವುದಿಲ್ಲ. ಅದಕ್ಕೆ ನನಗೆ ಎರಡು ಮಳೆಗಾಲ ಬೇಕಾಯಿತು. ತೋಟಕ್ಕೆ ಬಂದವರಿಗೆ ಕೈಯಲ್ಲಿ ಕೊಟ್ಟು ತೋರಿಸುತ್ತೇನೆ. ಮೂರನೇ ದಾರ ಎಲ್ಲಿದೆ ಅಂತಲೂ ಹೇಳುವುದಿಲ್ಲ, ಹಳ್ಳಿಯ ಹೆಸರೂ ಹೇಳುವುದಿಲ್ಲ. ಆನೆ ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಾಗಬೇಕಾದ ಮಾತಲ್ಲ.

ಫೋನು ಬಂದ ಮೇಲೆ ಮಾಡುವುದು ಬಹಳ ಕಡಿಮೆ. ಮಕ್ಕಳನ್ನು ಎಬ್ಬಿಸಿ ಒಳಕೋಣೆಗೆ, ಬಾಗಿಲು ಭದ್ರ, ಬಾಳೆ ಕಡೆಯ ಎರಡು ದೀಪ ಹಚ್ಚುವುದು, ದಾರಿಯ ಕಡೆ ಕತ್ತಲೆ. ಕೂಗುವುದಿಲ್ಲ, ಟಾರ್ಚು ಬಿಡುವುದಿಲ್ಲ. ಕೆಳಗಿನ ಮನೆಯವರಿಗೆ ಒಂದು ಫೋನು. 300 ಮೀಟರ್ ಇಳಿಯಲು ಆನೆ ಹತ್ತು ನಿಮಿಷದಿಂದ ಅರ್ಧ ತಾಸು ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಸಾಕು. ಮೊದಲ ಸಲ ಗಂಡಾನೆ ನಮ್ಮ ದಾರಿಯಲ್ಲಿ ಇಳಿದು ಹೋದ ರಾತ್ರಿ ನಾನೂ ಅಲ್ಲಿದ್ದೆ. ಬೆಳದಿಂಗಳು. ಎರಡೂ ಬದಿಯ ಅರಿಸಿನವನ್ನು ಸೊಂಡಿಲಿನಿಂದ ಮೂಸಿತು, ಮುಟ್ಟಲಿಲ್ಲ, ನಡೆದು ಹೋಯಿತು. ಅಕ್ಕ ನನ್ನ ತೋಳು ಹಿಡಿದು ಅತ್ತರು. ನನಗೂ ಕಣ್ಣು ತುಂಬಿತ್ತು.

ಮೊದಲ ಹಂಗಾಮಿನಲ್ಲಿ ಹನ್ನೆರಡು ಸಲವೋ ಹದಿಮೂರು ಸಲವೋ ಬಂದವು. ಹತ್ತು ಸಲ ಫೋನು ಬಂತು. ಆ ಹಣ್ಣಿನ ತಪ್ಪಿನಿಂದ 55 ಬಾಳೆ ಹೋಯಿತು, ಬೇರೆ ಸಮಯದಲ್ಲಿ ಇಪ್ಪತ್ತರ ಹತ್ತಿರ. ಎರಡನೇ ಹಂಗಾಮಿನಲ್ಲಿ ಒಟ್ಟು 30 ಬಾಳೆ. ಈ ವರ್ಷ ಇಲ್ಲಿಯವರೆಗೆ ಹದಿನಾಲ್ಕು. ಪೈಪು, ಮೋಟಾರಿಗೆ ಒಂದು ರೂಪಾಯಿ ಖರ್ಚಾಗಿಲ್ಲ. ಈ ಗಡಿಯಲ್ಲಿ ಇಷ್ಟು ಕಡಿಮೆ ನಷ್ಟದಲ್ಲಿ ಬಾಳೆ ತೆಗೆಯುವ ತೋಟ ನನಗೆ ತಿಳಿದ ಮಟ್ಟಿಗೆ ನನ್ನದೊಂದೇ.

2025ರ ಸೆಪ್ಟೆಂಬರಿನಲ್ಲಿ ಓಂಕಾರ ಅಂತ ಜನ ಕರೆಯುವ ಎಳೆಯ ಗಂಡಾನೆ ಗಡಿ ದಾಟಿ ಗೋವಾದ ಪೆಡ್ನೆಗೆ, ಮೋಪಾ, ತಾಂಬೊಸೆ ಕಡೆಗೆ ಬಂತು. ಮಾಪ್ಸಾ ಸಂತೆಯಲ್ಲಿ ಆಗ ಅದೇ ಮಾತು. ಗೋವಾದವರಿಗೆ ಮನೆಬಾಗಿಲಿಗೆ ಆನೆ ಬರುವುದು ಅಪರೂಪ. ಜನ ಮೊಬೈಲ್ ಹಿಡಿದು ಹಿಂದೆ ಓಡಿದರು. ನನಗೆ ಆ ಆನೆಯ ಚಿಂತೆ ಆಯಿತು. ಸುತ್ತ ಜನ, ಮುಂದೆ ಹೆದ್ದಾರಿ, ಒಂದೇ ಒಂದು ಎಳೆಯ ಆನೆ. ಅದಕ್ಕೆ ವಾಪಸ್ಸು ಹೋಗುವ ದಾರಿ ಬಿಟ್ಟು ಸುಮ್ನಿರಿ ಅಂತ ಆ ಕಡೆ ಗದ್ದೆ ಮಾಡುವ ನಮ್ಮವರಿಗೆ ಫೋನು ಮಾಡಿ ಮಾಡಿ ಹೇಳಿದೆ. ಆಮೇಲೆ ಮೂರು ತೋಟದವರು ಬಂದು ನನ್ನ ದಾರಿ ನೋಡಿದರು. ಇಬ್ಬರು ಈ ಮಳೆಗೆ ಮುಂಚೆ ಹತ್ತು, ಹದಿನೈದು ಗುಂಟೆ ಬಿಡುತ್ತಾರೆ. ಅವರ ದಾರಿ ನನ್ನ ದಾರಿಗೆ ಕೂಡಿದರೆ ಸಡೆಯಿಂದ ಹೊಳೆಯವರೆಗೆ ಒಂದೇ ಗೆರೆ ಆಗುತ್ತದೆ. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ತಿಲಾರಿಯ ಕಾಡನ್ನು ಸಂರಕ್ಷಣಾ ಮೀಸಲು ಅಂತ ಘೋಷಿಸಿತು, ಒಳ್ಳೆಯದಾಯಿತು. ಆದರೆ ಆನೆ ಮೀಸಲಿನ ಕಲ್ಲು ನೋಡಿ ನಿಲ್ಲುವುದಿಲ್ಲ, ಆಚೆಗೆ ನಮ್ಮಂಥವರ ಜಾಗವೇ ಇರುವುದು.

ಒಂದು ಸಣ್ಣ ಪ್ರಯೋಗ ಇದೆ, ದುಡ್ಡಿಗೆ ಸಂಬಂಧ ಇಲ್ಲ. ಲದ್ದಿಯಲ್ಲಿ ಹಲಸಿನ ಬೀಜ ಇಡಿಯಾಗಿ ಬರುತ್ತದೆ. ಅಕ್ಕ ಅದನ್ನು ಹಾಲಿನ ಖಾಲಿ ಪ್ಯಾಕೆಟ್ಟಿನಲ್ಲಿ ಹಾಕಿದರು. ಮನೆಯ ಬೀಜವನ್ನೂ ಅಷ್ಟೇ ಸಂಖ್ಯೆಯಲ್ಲಿ ಹಾಕಿಸಿದೆ. ಐವತ್ತರಲ್ಲಿ ಲದ್ದಿಯದು ನಲವತ್ತರ ಮೇಲೆ ಹುಟ್ಟಿತು, ಮನೆಯದು ಮೂವತ್ತು. ಒಂದೇ ಸಲ ಮಾಡಿದ್ದು, ಇನ್ನೊಮ್ಮೆ ಮಾಡಿ ನೋಡಬೇಕು. ಆ ಸಸಿಗಳನ್ನು, ಜೊತೆಗೆ ಬೈನೆ ಸಸಿಗಳನ್ನು ಮಾಲೀಕರ ಗುಡ್ಡದ ಕಾಡಂಚಿಗೆ ನೆಡುತ್ತಿದ್ದೇವೆ, ಈವರೆಗೆ 180 ಆಗಿದೆ. ಬೈನೆ ದೊಡ್ಡದಾಗಲು ವರ್ಷಗಳು ಬೇಕು. ನನ್ನ ಲಾವಣಿ ಅಷ್ಟರಲ್ಲಿ ಮುಗಿದಿರುತ್ತದೆ, ಮರ ಇರುತ್ತದೆ.

ಹೋದ ಮಂಗಳವಾರ ರಾತ್ರಿ ಎರಡಕ್ಕೆ ಅಣ್ಣನ ಫೋನು ಬಂತು. ಹೆಣ್ಣಾನೆ, ಜೊತೆಗೆ ಮರಿ. ಮರಿ ಈಗ ದೊಡ್ಡದಾಗಿದೆಯಂತೆ, ತಾಯಿಯ ಹೊಟ್ಟೆಯ ಮೇಲಕ್ಕೆ ಬರುತ್ತದಂತೆ. ಪೈಪಿಗೆ ಸಿಕ್ಕಿದ ಮರಿಯೇ ಇದು ಅಂತ ಅಕ್ಕ ಹೇಳುತ್ತಾರೆ, ಬಲ ಕಿವಿಯ ಹರಿದ ಗುರುತಿನಿಂದ. ಎರಡೂ ದಾರಿಯಲ್ಲೇ ಇಳಿದು ಹಳ್ಳಕ್ಕೆ ಹೋಗಿ, ನಸುಕಿಗೆ ಮುಂಚೆ ಹತ್ತಿ ಹೋದವು. ಎರಡನೇ ದಾರ ಹರಿದಿದೆ, ಕ್ಲಿಪ್ಪು ತುಕ್ಕು ಹಿಡಿದಿದೆ. ಈ ಶುಕ್ರವಾರ ಸಂತೆಯಲ್ಲಿ ಹೊಸದು ತೆಗೆದುಕೊಂಡು ಹೋಗಿ ಮಳೆ ಶುರುವಾಗುವ ಮುಂಚೆ ಕಟ್ಟಬೇಕು.